‘ತಾತ್ಕಾಲಿಕ’ ಎಂದರೆ ಎಷ್ಟು ದಿನ?

ಮಾನ್ಯ ಸಂಪಾದಕರೇ,

ಪ್ಯಾರಿಸ್‌ನ ಪಾಂಪಿಡು ಕಲಾಕೇಂದ್ರ ನವೀಕರಣಕ್ಕಾಗಿ 2025ರ ಸೆಪ್ಟೆಂಬರ್‌ನಲ್ಲಿ ಮುಚ್ಚಿದ್ದು, 2030ರಲ್ಲಿ ಮತ್ತೆ ತೆರೆಯಲಿದೆ ಎಂಬ ಸುದ್ದಿ ಓದಿದ ಗೆಳೆಯರೊಬ್ಬರು, ಐದು ವರ್ಷ ಬೀಗ ಜಡಿಯುವುದೆಂದರೆ ಏನರ್ಥ ಎಂದು ಹುಬ್ಬೇರಿಸಿದರು. ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ. 1977ರಲ್ಲಿ ತೆರೆದ ಆ ಕಟ್ಟಡದೊಳಗಿನ ಕಲ್ನಾರನ್ನು, ಅಂದರೆ ಉಸಿರಿಗೆ ಅಪಾಯಕಾರಿಯಾದ ಆಸ್ಬೆಸ್ಟಾಸನ್ನು, ಜನ ಓಡಾಡುವಾಗ ತೆಗೆಯಲಾಗದು. ಬೀಗ ಹಾಕುವ ಮುನ್ನವೇ ತೆರೆಯುವ ವರ್ಷವನ್ನು ಹೇಳಿ, ಕಲಾಕೃತಿಗಳನ್ನು ಬೇರೆ ಊರುಗಳ ಪ್ರದರ್ಶನಗಳಿಗೆ ಕಳುಹಿಸಿಕೊಡುವ ಏರ್ಪಾಡನ್ನೂ ಅಲ್ಲಿನವರು ಮಾಡಿಕೊಂಡರು.

ಕೆಲವು ವರ್ಷಗಳ ಹಿಂದೆ ನಾನು ಹೈಸ್ಕೂಲಿನ ಇಪ್ಪತ್ತೆರಡು ಮಕ್ಕಳನ್ನು ಕರೆದುಕೊಂಡು, ರಾತ್ರಿಯಿಡೀ ರೈಲಿನಲ್ಲಿ ಕುಳಿತು, ದೂರದ ನಗರವೊಂದರ ಕಲಾ ಗ್ಯಾಲರಿಗೆ ಹೋಗಿದ್ದೆ. ಗೇಟಿಗೆ ಸರಪಳಿ ಬಿಗಿದಿತ್ತು. ‘ನವೀಕರಣ ನಿಮಿತ್ತ ತಾತ್ಕಾಲಿಕವಾಗಿ ಮುಚ್ಚಲಾಗಿದೆ’ ಎಂದು ಬರೆದ ತಗಡಿನ ಫಲಕದ ಅಂಚು ಆಗಲೇ ತುಕ್ಕು ಹಿಡಿದಿತ್ತು. ಅದರ ಮೇಲೆ ಮುಚ್ಚಿದ ದಿನವೂ ಇರಲಿಲ್ಲ, ತೆರೆಯುವ ದಿನವೂ ಇರಲಿಲ್ಲ. “ಸರ್, ತಾತ್ಕಾಲಿಕ ಅಂದ್ರ ಎಷ್ಟ್ ದಿನಾರೀ?” ಎಂದು ಚಿತ್ತಾಪುರದ ಕಡೆಯ ಹುಡುಗನೊಬ್ಬ ಕೇಳಿದ. ಕಾವಲುಗಾರನಿಗೂ ಗೊತ್ತಿರಲಿಲ್ಲ. ಮಕ್ಕಳು ಎದುರಿನ ಪಾರ್ಕಿನಲ್ಲಿ ಬುತ್ತಿ ಬಿಚ್ಚಿ, ಗೇಟಿನ ಚಿತ್ರವನ್ನೇ ಬರೆದುಕೊಂಡು ಬಂದರು.

ಹೇಳಿದ ದಿನಕ್ಕೇ ಕಾಮಗಾರಿ ಮುಗಿಯಬೇಕೆಂಬ ಹಟ ನನ್ನದಲ್ಲ. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂನ ಮುಖ್ಯ ಕಟ್ಟಡ 2003ರಲ್ಲಿ ಮುಚ್ಚಿದ್ದು, 2008ಕ್ಕೆ ತೆರೆಯಬೇಕಿದ್ದರೂ 2013ರವರೆಗೆ ತೆರೆಯಲಿಲ್ಲ. ಆದರೆ ಆ ಹತ್ತು ವರ್ಷವೂ ಒಂದು ಪಾರ್ಶ್ವದ ಕಟ್ಟಡ ತೆರೆದೇ ಇತ್ತು, ರೆಂಬ್ರಾಂಟ್‌ನ ‘ನೈಟ್ ವಾಚ್’ ಚಿತ್ರ ಸಹ ಅಲ್ಲಿ ನೋಡಲು ಸಿಗುತ್ತಿತ್ತು.

ಬಹಮನಿ ಕಾಲದ ಗುಮ್ಮಟಗಳಲ್ಲಿ ನೆಲೆಗೊಂಡಿರುವ ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೂ ಇಂದಲ್ಲ ನಾಳೆ ವಿಸ್ತರಣೆಯ ಭಾಗ್ಯ ಬರಲೇಬೇಕು. ಗೋರಿಗೆಂದು ಕಟ್ಟಿದ ಗೋಡೆಗಳ ನಡುವೆ ಎಷ್ಟೆಂದು ಜೋಡಿಸಿಡಲು ಸಾಧ್ಯ? ಆ ದಿನ ಬಂದಾಗ ಒಂದು ಗುಮ್ಮಟದ ಕೆಲಸ ಮುಗಿಯುವವರೆಗೆ ಇನ್ನೊಂದನ್ನು ತೆರೆದಿಡಬಹುದು. ಹೊರಗೆ ಸಾಗಿಸುವ ಪ್ರತಿಯೊಂದು ಶಿಲ್ಪ, ಚಿತ್ರದ ಫೋಟೊ ತೆಗೆದು, ಅದು ಎಲ್ಲಿಗೆ ಹೋಯಿತು ಎಂಬ ಪಟ್ಟಿಯನ್ನು ಬಾಗಿಲಲ್ಲೇ ಅಂಟಿಸಬಹುದು. ಚಿತ್ರಗಳನ್ನಂತೂ ಗೋದಾಮಿಗೆ ತುಂಬಲೇಬಾರದು. ಮುಖಕ್ಕೆ ಮುಖ ಹಚ್ಚಿ ಒರಗಿಸಿಟ್ಟ ತೈಲವರ್ಣದ ಕ್ಯಾನ್ವಾಸುಗಳು ನಮ್ಮ ಊರಿನ ಬೇಸಿಗೆಗೆ ಒಂದಕ್ಕೊಂದು ಅಂಟಿಕೊಳ್ಳುವುದನ್ನು ನನ್ನ ಸ್ವಂತ ಚಿತ್ರಗಳಲ್ಲೇ ಕಂಡಿದ್ದೇನೆ. ಬಿಡಿಸಲು ಹೋದರೆ ಬಣ್ಣ ಕಿತ್ತು ಬರುತ್ತದೆ.

1916ರಲ್ಲಿ ಇಲ್ಲಿ ಹುಟ್ಟಿ, ಕ್ಯಾಲೆಂಡರುಗಳ ಮೂಲಕ ಮನೆಮನೆಯ ಗೋಡೆ ಏರಿದ ಚಿತ್ರಕಲಾವಿದ ಎಸ್.ಎಂ. ಪಂಡಿತರ ಹೆಸರಿನ ರಂಗಮಂದಿರ ಊರಿನಲ್ಲಿದೆ. ಕಾಮಗಾರಿ ನಡೆಯುವಷ್ಟು ಕಾಲ ಅಲ್ಲಿ ಸಣ್ಣದೊಂದು ಪ್ರದರ್ಶನವನ್ನಾದರೂ ಇಡಲು ಸಾಧ್ಯವೇ ಎಂಬುದನ್ನು ಸಂಬಂಧಪಟ್ಟವರು ಈಗಲೇ ಯೋಚಿಸಬೇಕೆಂದು ವಿನಂತಿ.

– ನಿವೃತ್ತ ಚಿತ್ರಕಲಾ ಶಿಕ್ಷಕ, ಕಲಬುರಗಿ