ಮೊಟ್ಟೆಗೊಂದು ಎರಡು, ಮಕ್ಕಳಿಗೊಂದು ಎರಡು

ಪುಟ್ಟಿ,

ಸ್ವಾಹಿಲಿಯಲ್ಲಿ ಹತ್ತರವರೆಗೆ ಬಾಯಿಪಾಠ ಆಯ್ತು ಅಂದೆಯಲ್ಲ, ಭೇಷ್. ಆದರೆ ಇಲ್ಲಿ ಟಾಂಜಾನಿಯಾದ ದಾರ್ ಎಸ್ ಸಲಾಮ್‌ಗೆ ಬಂದ ಮೇಲೆ ಅಷ್ಟು ಸಾಲದು. ಕರಿಯಾಕೋ ಮಾರ್ಕೆಟ್‌ನಲ್ಲಿ ಎರಡು ಮೊಟ್ಟೆ ಬೇಕಾದರೆ ಬರೀ ಮ್ಬಿಲಿ ಅಲ್ಲ, ಮಯಾಯಿ ಮವೀಲಿ ಅನ್ನಬೇಕು. ಎರಡು ಪುಸ್ತಕ ವಿಟಾಬು ವಿವೀಲಿ. ಇಬ್ಬರು ಮಕ್ಕಳು ವಟೋಟೊ ವವೀಲಿ. ನಾವೂ ಮಕ್ಕಳನ್ನು ಎರಡು ಅನ್ನದೆ ಇಬ್ಬರು ಅನ್ನುತ್ತೇವೆ ಅಲ್ವಾ? ನಮ್ಮದು ಜನರಿಗೆ ಮಾತ್ರ, ಇವರದು ಮರಕ್ಕೂ ಮೊಟ್ಟೆಗೂ ಬೇರೆ ಬೇರೆ.

ಮಜಾ ಏನು ಗೊತ್ತಾ, ಆರು, ಏಳು, ಒಂಬತ್ತು ಮಾತ್ರ ಜಪ್ಪಯ್ಯ ಅಂದರೂ ಬದಲಾಗುವುದಿಲ್ಲ. ಮೊಟ್ಟೆಯಿರಲಿ ಮಕ್ಕಳಿರಲಿ, ಆರು ಅಂದರೆ ಸೀಟಾ, ಸೀಟಾನೇ. ಆ ಮೂರೂ ಅರಬ್ಬರ ಜೊತೆಗಿನ ಕಡಲ ವ್ಯಾಪಾರದಲ್ಲಿ ಬಂದವು. ನಡುವೆ ಕೂತಿರುವ ಎಂಟಕ್ಕೆ ಇವರ ಪದ 'ನಾನೆ', ಅದು ಬಾಂಟು, ಅಂದರೆ ಸ್ವಾಹಿಲಿಯದೇ ಆಫ್ರಿಕನ್ ಭಾಷಾ ಕುಟುಂಬದ ಮೂಲದ್ದು, ಅದು ಸಲೀಸಾಗಿ ಮಯಾಯಿ ಮನಾನೆ ಆಗುತ್ತದೆ. ಹತ್ತು, ಅಂದರೆ ಕೂಮಿ, ಇಲ್ಲಿಯದೇ ಆದರೂ ಬದಲಾಗುವುದಿಲ್ಲ, ಅದರ ಹಟ ಅದಕ್ಕೆ.

ಅರಬ್ಬೀ ಪದ ಬರುವ ಮೊದಲು ಇದ್ದ ಹಳೆಯ ಏಳು ಪೂರ್ತಿ ಮಾಯವಾಗಿಲ್ಲ. ಮದುವೆಯಾದ ಮೇಲಿನ ಏಳು ದಿನಕ್ಕೆ ಫುಂಗಾಟೆ ಅನ್ನುತ್ತಾರೆ, ಈಗ ಹನಿಮೂನ್‌ಗೂ ಅದೇ ಮಾತು. ಹಳೆಯ ಒಂಬತ್ತು ಕೆಂಡಾ. ಪಕ್ಕದ ಕೆನ್ಯಾದ ಕಿಕುಯು ಜನರಿಗೆ ಈಗಲೂ ಒಂಬತ್ತು ಅಂದರೆ ಅದೇ. ಅವರ ಮೂಲಪುರುಷ ಗಿಕುಯು, ಅವನ ಹೆಂಡತಿ ಮುಂಬಿ, ಇವರಿಗೆ ಎಷ್ಟು ಹೆಣ್ಣುಮಕ್ಕಳು ಅಂತ ಕೇಳಿದರೆ 'ತುಂಬು ಒಂಬತ್ತು' ಅನ್ನುತ್ತಾರೆ. ನಿಜಕ್ಕೂ ಹತ್ತು! ಮನುಷ್ಯರನ್ನು ಸರಿಯಾಗಿ ಎಣಿಸಿಬಿಟ್ಟರೆ ಕೇಡು ಅನ್ನುವ ನಂಬಿಕೆ. ನಗಬೇಡ, ಭತ್ತ ಅಳೆಯುವಾಗ ನಿನ್ನ ಅಜ್ಜಿಯೂ ಮೊದಲ ಸೇರಿಗೆ ಒಂದು ಅನ್ನದೆ 'ಲಾಭ' ಅಂತಲೇ ಶುರು ಮಾಡುವುದು.

ಬಾಡಿಗೆ, ಸಂಬಳದ ಮಾತು ಬಂದಾಗ ಒಂದು ಪದ ನಿನಗೆ ಯಾರೂ ಹೇಳಿಕೊಡದೆ ಅರ್ಥವಾಗುತ್ತದೆ. ಲಾಕಿ. ನಮ್ಮ ಲಕ್ಷವೇ, ಇಂಡಿಯಾದ ವ್ಯಾಪಾರಿಗಳ ಜೊತೆ ಹಡಗು ಹತ್ತಿ ಬಂದದ್ದು. ಇಲ್ಲಿಯ ದುಡ್ಡು ಶಿಲಿಂಗ್, ಅದರ ಲೆಕ್ಕದಲ್ಲಿ ಲಕ್ಷ ಅಂದರೆ ದೊಡ್ಡ ಮೊತ್ತವೇನಲ್ಲ, ಕೇಳಿ ಬೆಚ್ಚಿಬೀಳಬೇಡ.

ಇನ್ನೊಂದು, ಇದನ್ನು ಮಾತ್ರ ಮರೆಯಬೇಡ. ಇಲ್ಲಿ ಗಂಟೆಯ ಎಣಿಕೆ ಶುರುವಾಗುವುದು ಬೆಳಗಾದ ಮೇಲೆ. ನಮ್ಮ ಏಳು ಗಂಟೆ ಇವರಿಗೆ ಸಾ ಮೋಜಾ, ಅಂದರೆ ಒಂದು ಗಂಟೆ. ನಮ್ಮ ಮಧ್ಯಾಹ್ನದ ಹನ್ನೆರಡು ಇವರ ಆರು. ಟ್ಯಾಕ್ಸಿಯವನು ಬೆಳಗ್ಗೆ ಸಾ ಮ್ಬಿಲಿಗೆ ಬರುತ್ತೇನೆ ಅಂದರೆ ನೀನು ಎಂಟಕ್ಕೆ ರೆಡಿಯಾಗಿರಬೇಕು.

ಇಂತಿ,
ಅಮ್ಮ