ಐವತ್ತು ತುಂಬಿದ ಹೊತ್ತಿನಲ್ಲಿ, ಜೊತೆಗಿದ್ದವರಿಗೆ

ನಮ್ಮ ವಿದ್ಯುತ್ ಗುತ್ತಿಗೆ ಸಂಸ್ಥೆಗೆ ಈ ವರ್ಷ ಐವತ್ತು ತುಂಬಿತು. ಹಾರ-ತುರಾಯಿಯ ಸಮಾರಂಭ ಇಟ್ಟುಕೊಂಡಿಲ್ಲ. ಯಾರ್ಯಾರಿಂದ ಕೆಲಸ ನಡೆಯಿತೋ ಅವರನ್ನು ನೆನೆಯುವುದಷ್ಟೇ ನಮ್ಮ ಉದ್ದೇಶ.

ಜೋಗದಲ್ಲಿ 1948ರಲ್ಲೇ ವಿದ್ಯುತ್ ಉತ್ಪಾದನೆ ಶುರುವಾಯಿತು. 1964ರ ಹೊತ್ತಿಗೆ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಆದರೆ ಆ ನೀರಿಗೆ ಮನೆ-ಗದ್ದೆ ಬಿಟ್ಟುಕೊಟ್ಟವರ ಎಷ್ಟೋ ಹಳ್ಳಿಗಳಿಗೆ ಕರೆಂಟು ಬಂದದ್ದು ಬಹಳ ತಡವಾಗಿ. ಹಿನ್ನೀರಿನಾಚೆ ತುಮರಿ ಕಡೆಗೆ ಸಾಗರದಿಂದ ನೇರವಾಗಿ ಹೋಗಬೇಕೆಂದರೆ ಸಾಮಾನೆಲ್ಲ ಲಾಂಚಿನಲ್ಲೇ ದಾಟಬೇಕಿತ್ತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ವಾಹನ ಹತ್ತಿಸುವುದು ನಿಲ್ಲುತ್ತಿತ್ತು. ಲೈನು ಎಳೆಯಲು ಒದಗುವ ಕಾಲವೂ ಅದೇ ಬೇಸಿಗೆ! 2025ರ ಜುಲೈನಲ್ಲಿ ಸೇತುವೆ ತೆರೆದ ಮೇಲೆ ಆ ತಾಪತ್ರಯ ತಪ್ಪಿತು. ಅಲ್ಲಿಯವರೆಗೆ ದಾಟಿಸಿದ ಲಾಂಚಿನ ಸಿಬ್ಬಂದಿಗೆ ಮೊದಲ ನಮಸ್ಕಾರ.

ಎರಡನೆಯದು ಗುಡ್ಡ ಹತ್ತಿಸಿ ಕಂಬ ನಿಲ್ಲಿಸಿದ ಗ್ಯಾಂಗಿನವರಿಗೆ. ಕಂಬದ ಉದ್ದದ ಆರನೇ ಒಂದು ಭಾಗ ನೆಲದೊಳಗಿರಬೇಕು, ಅಂದರೆ 9 ಮೀಟರ್ ಕಂಬಕ್ಕೆ 1.5 ಮೀಟರ್ ಗುಂಡಿ. ಇಳಿಜಾರಿನಲ್ಲಿ ಈ ಅಳತೆಯನ್ನು ತಗ್ಗಿನ ಬದಿಯಿಂದ ಹಿಡಿಯಬೇಕು. ಮೇಲಿನ ಬದಿಯಿಂದ ಹಿಡಿದರೆ ಆಷಾಢದ ಮಳೆಗೆ ಮಣ್ಣು ಜಾರಿ ಕಂಬ ವಾಲುತ್ತದೆ. ಯಾವ ಕೈಪಿಡಿಯನ್ನೂ ಓದದೆ ಇದನ್ನು ತಿಳಿದಿದ್ದವರು ಅವರು.

ಹಳೆಯ ಮನೆಗಳಲ್ಲಿ ತೊಲೆಗುಂಟ ತೇಗದ ಬ್ಯಾಟನ್ ಪಟ್ಟಿ, ಅದರ ಮೇಲೆ ತಗಡಿನ ಕ್ಲಿಪ್ಪು, ಮರದ ರೌಂಡ್ ಬ್ಲಾಕ್ ಈಗಲೂ ಸಿಗುತ್ತವೆ. ಆಮೇಲೆ ಅಗ್ಗವೆಂದು ಅಲ್ಯೂಮಿನಿಯಂ ವಯರ್ ಬಂತು. ಸ್ಕ್ರೂ ಒತ್ತಿದಷ್ಟೂ ಅದು ಮೆತ್ತಗೆ ಹರಡಿಕೊಂಡು ಸಡಿಲವಾಗುತ್ತದೆ, ಮೈಮೇಲೆ ಆಕ್ಸೈಡ್ ಪದರ ಕಟ್ಟುತ್ತದೆ, ಜಾಯಿಂಟು ಬಿಸಿಯಾಗಿ ಸ್ವಿಚ್ಚು ಕರಟುತ್ತದೆ. ಅದಕ್ಕೆ ತಾಮ್ರದ ವಯರ್ ತಿರುಚಿದರಂತೂ ನಮ್ಮ ತೇವಕ್ಕೆ ಬಹಳ ದಿನ ಬಾಳುವುದಿಲ್ಲ. ಈಗ ಪಿವಿಸಿ ಪೈಪಿನೊಳಗೆ ತಾಮ್ರ: ದೀಪಕ್ಕೆ 1.5, ಪವರ್ ಪ್ಲಗ್ಗಿಗೆ 2.5, ಗೀಸರಿಗೆ 4 ಚದರ ಮಿ.ಮೀ. ಬ್ಯಾಟನ್ ಕೂರಿಸಿದ ಬಡಗಿಗಳಿಗೆ, ಮಣ್ಣಿನ ಗೋಡೆ ಕೊರೆದಾಗ ಎದ್ದ ಧೂಳನ್ನು ಸಹಿಸಿದ ಮನೆಯವರಿಗೆ ನಾವು ಋಣಿ.

ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ವ್ಯವಸ್ಥೆಯ ವಿಷಯದಲ್ಲಿ ನಮ್ಮ ಮಾತು ನಂಬಿ ಖರ್ಚು ಮಾಡಿದವರಿಗೆ ವಿಶೇಷ ವಂದನೆ, ಏಕೆಂದರೆ ಹೂತ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಜಂಬಿಟ್ಟಿಗೆ ನೆಲ ನೀರು ಹಿಡಿದಿಟ್ಟುಕೊಳ್ಳುವುದಿಲ್ಲ. ಅರ್ಥ್ ಗುಂಡಿಗೆ ಇದ್ದಿಲು-ಉಪ್ಪು ತುಂಬಿದರೆ ಕೆಲವೇ ಮಳೆಗಾಲದಲ್ಲಿ ಉಪ್ಪು ತೊಳೆದು ಹೋಗುತ್ತದೆ. ಅದಕ್ಕೇ 3 ಮೀಟರಿನ ಜಿ.ಐ. ಪೈಪು ಒಂದು ಸಾಲದಿದ್ದರೆ ಎರಡು ಹಾಕಿ, ನಡುವೆ 6 ಮೀಟರ್ ಅಂತರ ಬಿಟ್ಟು, ಸುತ್ತ ಬೆಂಟೊನೈಟ್ (ತೇವ ಹಿಡಿದಿಡುವ ಜೇಡಿಮಣ್ಣು) ತುಂಬಿ ಜೋಡಿಸುತ್ತೇವೆ. ಕರೆಂಟು ನೆಲಕ್ಕಿಳಿಯಲು ಎಷ್ಟು ತಡೆಯಿದೆ (ಓಮ್) ಎಂಬ ಅಳತೆ ಮಾತ್ರ ನೆಲ ಒಣಗಿದ ಏಪ್ರಿಲ್-ಮೇ ತಿಂಗಳಲ್ಲಿ. ಜುಲೈನಲ್ಲಿ ಅಳೆದರೆ ಎಂಥ ಗುಂಡಿಯೂ ಒಳ್ಳೆಯದಾಗಿಯೇ ತೋರುತ್ತದೆ.

ಅರ್ಥ್ 20 ಓಮ್ ಇದೆ ಎನ್ನಿ. ಗ್ರೈಂಡರಿನ ಮೈಗೆ ಫೇಸ್ ತಗುಲಿದರೆ ಹರಿಯುವುದು 230 ಭಾಗಿಸು 20, ಹೆಚ್ಚೆಂದರೆ ಹನ್ನೊಂದೂವರೆ ಆಂಪಿಯರ್. 16 ಆಂಪಿಯರಿನ ಫ್ಯೂಸು ಇದಕ್ಕೆ ಜಗ್ಗುವುದಿಲ್ಲ, ಮುಟ್ಟಿದವರಿಗೆ ಶಾಕ್. ಜೀವ ಉಳಿಸುವುದು ಆರ್‌ಸಿಸಿಬಿ, ಅಂದರೆ 30 ಮಿಲಿ ಆಂಪಿಯರ್ ಸೋರಿಕೆಗೇ ಬಿದ್ದು ಕರೆಂಟು ಕತ್ತರಿಸುವ ಸ್ವಿಚ್ಚು. ಮಳೆಗಾಲದಲ್ಲಿ ಅದು ಪದೇಪದೇ ಬೀಳುತ್ತದೆಂದು ಬೈಪಾಸ್ ಮಾಡಿಸುವವರೂ ಇದ್ದಾರೆ. ಹಾಗೆ ಮಾಡದೆ ನಮಗೆ ಫೋನ್ ಮಾಡಿದ ನಿಮಗೆ ದೊಡ್ಡ ಧನ್ಯವಾದ. ಸೋರಿಕೆ ಬಹುಪಾಲು ಕೊಟ್ಟಿಗೆಯ ಬೋರ್ಡಿನಲ್ಲೋ, ಗೀಸರಿನ ಎಲಿಮೆಂಟಿನಲ್ಲೋ, ಪಂಪಿನ ಕೇಬಲ್ ಜಾಯಿಂಟಿನಲ್ಲೋ ಇರುತ್ತದೆ. ಒಂದೊಂದು ಸರ್ಕ್ಯೂಟಿಗಿರುವ ಎಂಸಿಬಿ ಸ್ವಿಚ್ಚುಗಳನ್ನೆಲ್ಲ ಆಫ್ ಮಾಡಿ ಒಂದೊಂದಾಗಿ ಹಾಕುತ್ತಾ ಬಂದರೆ ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ. ಎಲ್ಲ ಆಫ್ ಇದ್ದಾಗಲೂ ಬಿದ್ದರೆ ನ್ಯೂಟ್ರಲ್ (ಕರೆಂಟು ವಾಪಸಾಗುವ ವಯರ್) ಎಲ್ಲೋ ಅರ್ಥಿಗೆ ತಾಗಿರಬಹುದು: ಒಂಟಿ ಪೋಲಿನ ಎಂಸಿಬಿ ಫೇಸನ್ನಷ್ಟೇ ಕತ್ತರಿಸುತ್ತದೆ, ನ್ಯೂಟ್ರಲನ್ನಲ್ಲ. ಆಗ ನ್ಯೂಟ್ರಲ್ ವಯರುಗಳನ್ನು ಒಂದೊಂದಾಗಿ ಬಿಚ್ಚಿ ನೋಡಬೇಕು. ಇದು ಕೆಲಸ ಗೊತ್ತಿದ್ದವರು ಮೇನ್ ಆಫ್ ಮಾಡಿ ಮಾಡುವಂಥದ್ದು.

ಅಡಿಕೆ ತೋಟದವರದು ಬೇರೆಯೇ ಲೆಕ್ಕ. ಮನೆಯಿಂದ 300 ಮೀಟರ್ ದೂರದ ಹಳ್ಳದ ಬದಿಗೆ ಒಂದೂವರೆ ಎಚ್‌ಪಿಯ ಸಿಂಗಲ್ ಫೇಸ್ ಪಂಪು. ಎಳೆಯುವುದು ಸುಮಾರು 10 ಆಂಪಿಯರ್. 2.5ರ ತಾಮ್ರ ಹಾಕಿದರೆ ಹೋಗಿ ಬರುವ ದಾರಿಯಲ್ಲೇ 44 ವೋಲ್ಟ್ ಮಾಯ. 16 ಚದರ ಮಿ.ಮೀ. ಅಲ್ಯೂಮಿನಿಯಂ ಕೇಬಲ್ಲಿನಲ್ಲಿ ಅದೇ ನಷ್ಟ 12ರ ಒಳಗೆ. ಮೊದಲು ಚೌಕಾಸಿ ಮಾಡಿದರೂ ಲೆಕ್ಕ ಕೇಳಿ ಒಪ್ಪಿದವರು ಬಹಳ.

ಕೊನೆಗೆ ಲೈನ್‌ಮನ್‌ಗಳಿಗೆ. 1957ರ ಕೆಇಬಿ 1999ರಲ್ಲಿ ಕೆಪಿಟಿಸಿಎಲ್ ಆಯಿತು, 2002ರಲ್ಲಿ ನಮ್ಮ ಕಡೆಯ ವಿತರಣೆ ಮೆಸ್ಕಾಂಗೆ ಹೋಯಿತು. ಊರಿನವರ ಬಾಯಲ್ಲಿ ಇನ್ನೂ ಕೆಇಬಿಯೇ. ಎಲ್‌ಸಿ (ಲೈನ್ ಬಂದ್ ಮಾಡಿ ಕೆಲಸ ಮಾಡಲು ಅನುಮತಿ) ಪಡೆದು, ಜಿಓಎಸ್ (ಕಂಬದ ಮೇಲಿನ ಲೈನ್ ಸ್ವಿಚ್ಚು) ತೆಗೆದು, ಲೈನನ್ನು ನೆಲಕ್ಕೆ ಜೋಡಿಸುವ ಅರ್ಥ್ ರಾಡ್ ಹಾಕಿಯೇ ಕಂಬ ಹತ್ತುವ ಅವರಿಗೂ ಒಂದು ಅಪಾಯ ಉಳಿದೇ ಇರುತ್ತದೆ: ಯಾರದೋ ಮನೆಯ ಜನರೇಟರಿನಿಂದ ಹಿಮ್ಮುಖವಾಗಿ ಲೈನಿಗೆ ನುಗ್ಗುವ ಕರೆಂಟು. ಅದನ್ನು ತಡೆಯಲು, ಜನರೇಟರ್ ಹಾಕಿದಾಗ ಫೇಸಿನ ಜೊತೆ ನ್ಯೂಟ್ರಲನ್ನೂ ಲೈನಿನಿಂದ ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ಚಿಗೆ ದುಡ್ಡು ಹಾಕಿದ ನಮ್ಮ ಗ್ರಾಹಕರಿಗೆ ಅವರ ಪರವಾಗಿಯೂ ಕೃತಜ್ಞತೆ.

ನಮ್ಮ ಕೈಯಿಂದ ಅಲ್ಯೂಮಿನಿಯಂ ವೈರಿಂಗ್ ಆದ ಮನೆಗಳಲ್ಲಿ ಬರುವ ಬೇಸಿಗೆಯಲ್ಲಿ ಅರ್ಥ್ ಅಳತೆ, ಇನ್ಸುಲೇಷನ್ ಪರೀಕ್ಷೆ ಉಚಿತವಾಗಿ ಮಾಡಿಕೊಡುತ್ತೇವೆ. ಹಳೆಯ ಬಿಲ್ಲು ಇಲ್ಲದಿದ್ದರೂ ಪರವಾಗಿಲ್ಲ, ಮೇನ್ ಬೋರ್ಡಿನ ಫೋಟೊ ಕಳಿಸಿದರೆ ಸಾಕು.