ಮತದಾರರ ಪಟ್ಟಿ ಬರೆಯಲು ಕೂತಾಗ: ಗೆಳೆಯನಿಗೊಂದು ಪತ್ರ

ಪ್ರಿಯ ರಾಘು,

ಬಹಾಯಿ ಧರ್ಮವನ್ನು ಸಂಘಟಿಸಲಾಗದು ಎಂದು, ಅದರ ಸ್ಥಾಪಕ ಬಹಾವುಲ್ಲಾ ಅವರ ಮಗ, ಅವರ ನಂತರ ಧರ್ಮವನ್ನು ಮುನ್ನಡೆಸಿದ ಅಬ್ದುಲ್ ಬಹಾ ಅವರೇ ಹೇಳಿದ್ದರಂತಲ್ಲ, ಹಾಗಿದ್ದರೆ ಈ ಸಭೆ, ಚುನಾವಣೆ, ಬೈಲಾಗಳೆಲ್ಲ ಎಲ್ಲಿಂದ ಬಂದವು ಅಂತ ಕೇಳಿದ್ದೀಯ. ಆ ಮಾತು 1920ರ ದಶಕದಲ್ಲಿ ಅಮೆರಿಕದ ಬಹಾಯಿಗಳ ನಡುವೆ ಓಡಾಡಿದ್ದು ಹೌದು. ಸಂಘಟನೆ ಬೇಡ ಎಂದವರಿಗೆಲ್ಲ ಅದೇ ಊರುಗೋಲು. ಆದರೆ 1873ರ ಸುಮಾರಿಗೆ ಬಹಾವುಲ್ಲಾ ಈಗ ಇಸ್ರೇಲಿನಲ್ಲಿರುವ ಅಕ್ಕಾದಲ್ಲಿದ್ದಾಗ ಕೊಟ್ಟ ಕಾನೂನಿನ ಗ್ರಂಥ ಕಿತಾಬ್-ಇ-ಅಕ್ದಸ್‌ನಲ್ಲೇ ಪ್ರತಿ ಊರಿಗೂ ಒಂದು ನ್ಯಾಯಮಂದಿರ (ತೀರ್ಮಾನ ಮಾಡುವ ಮಂಡಳಿ) ಇರಲಿ, ಅದರಲ್ಲಿ 'ಬಹಾ' ಸಂಖ್ಯೆಯಷ್ಟು ಜನ ಕೂರಲಿ ಎಂದಿದೆ. ಅರಬ್ಬಿ ಅಕ್ಷರಗಳ ಲೆಕ್ಕದಲ್ಲಿ ಬ 2, ಹ 5, ಅ 1, ಹಮ್ಜಾ 1, ಕೂಡಿದರೆ 9. ಹೆಚ್ಚಾದರೂ ಅಡ್ಡಿಯಿಲ್ಲ ಎಂಬ ಮಾತೂ ಅಲ್ಲೇ ಇದೆ. ಪುರೋಹಿತರೇ ಇಲ್ಲದ ಧರ್ಮ ನೋಡು, ಯಾರಾದರೂ ಕೂತು ತೀರ್ಮಾನ ಮಾಡಲೇಬೇಕಿತ್ತು. ಹಾಗಾಗಿ ಜಗಳ ಹುಟ್ಟಿದ್ದು ಸಂಘಟನೆ ಬೇಕೋ ಬೇಡವೋ ಎಂಬುದಕ್ಕಿಂತ ಹೆಚ್ಚಾಗಿ ಅದಕ್ಕೆ ಏನು ಹೆಸರು, ಯಾರು ಕೂರಬೇಕು, ಯಾರು ಓಟು ಹಾಕಬೇಕು ಎಂಬಲ್ಲಿ.

ಶಿಕಾಗೋ ಕಥೆಯನ್ನೇ ತಗೋ. ಅಲ್ಲಿನವರಿಗೆ ಪಾಠ ಹೇಳಿದ್ದ ಇಬ್ರಾಹಿಂ ಖೈರಲ್ಲಾ 1900ರಲ್ಲಿ ಅಬ್ದುಲ್ ಬಹಾ ಅವರಿಂದ ದೂರವಾದಾಗ ಗುಂಪು ಗುರುವಿಲ್ಲದಂತಾಯಿತು. 1901ರ ಮೇ ತಿಂಗಳಲ್ಲಿ ಬರೀ ಗಂಡಸರನ್ನು ಆರಿಸಿ 'ಹೌಸ್ ಆಫ್ ಜಸ್ಟಿಸ್', ಅಂದರೆ ನ್ಯಾಯಮಂದಿರ, ಎಂದು ಕರೆದರು. ಹೆಸರು ಒಂದೇ ವರ್ಷ ಬಾಳಿತು. ಸರ್ಕಾರದ ಕಣ್ಣಿಗೆ ಇದು ಪರ್ಯಾಯ ನ್ಯಾಯಾಲಯದಂತೆ ಕಂಡೀತು ಎಂದು ಅಬ್ದುಲ್ ಬಹಾ ಬದಲಾಯಿಸಲು ಹೇಳಿದರು. 'ಹೌಸ್ ಆಫ್ ಸ್ಪಿರಿಚುಯಾಲಿಟಿ' ಆಯಿತು. ಹೆಂಗಸರನ್ನು ಯಾಕೆ ಹೊರಗಿಟ್ಟಿರಿ ಎಂದು ಅಲ್ಲಿನ ಕೊರಿನ್ ಟ್ರೂ ಪತ್ರ ಬರೆದರು. ನ್ಯಾಯಮಂದಿರ ಗಂಡಸರಿಗೆ, ಇದರ ಕಾರಣ ಮುಂದೆ ಮಧ್ಯಾಹ್ನದ ಸೂರ್ಯನಂತೆ ಸ್ಪಷ್ಟವಾಗುತ್ತದೆ ಎಂಬರ್ಥದ ಉತ್ತರ 1902ರಲ್ಲಿ ಬಂತು. ತೊಡಕಾಗಿದ್ದು ಇಲ್ಲೇ: ಯಾವ ಮಂದಿರ? ಊರಿನದೋ, ಮುಂದೊಂದು ದಿನ ಇಡೀ ಜಗತ್ತಿಗೆ ಬರಬೇಕಾದದ್ದೋ? 1909ರಲ್ಲಿ ಪ್ರಾರ್ಥನಾಮಂದಿರ ಕಟ್ಟಲು 'ಬಹಾಯಿ ಟೆಂಪಲ್ ಯೂನಿಟಿ' ಹುಟ್ಟಿತು. ಅದರ ಕಾರ್ಯಕಾರಿ ಮಂಡಳಿಯಲ್ಲಿ ಹೆಂಗಸರಿದ್ದರು, ಟ್ರೂ ಅವರೂ ಇದ್ದರು. ಒಂದೇ ಊರಲ್ಲಿ ಎರಡು ನ್ಯಾಯ! 1912ರಲ್ಲಿ ಅಬ್ದುಲ್ ಬಹಾ ಅಮೆರಿಕಕ್ಕೆ ಬಂದಾಗ ಶಿಕಾಗೋದಲ್ಲಿ ಗಂಡಸರು ಹೆಂಗಸರು ಇಬ್ಬರನ್ನೂ ಸೇರಿಸಿ ಹೊಸದಾಗಿ ಆರಿಸಿ ಎಂದರು. ಜಾಗತಿಕ ಮಂದಿರದಲ್ಲಿ ಇವತ್ತಿಗೂ ಗಂಡಸರೇ. ಮಧ್ಯಾಹ್ನದ ಸೂರ್ಯ ಇನ್ನೂ ನೆತ್ತಿಗೆ ಬಂದಿಲ್ಲ ಅಂತ ನನ್ನ ಲೆಕ್ಕ.

ನಿಜವಾದ ಬಿಸಿ ಶುರುವಾದದ್ದು 1921ರ ನವೆಂಬರ್‌ನಲ್ಲಿ ಅಬ್ದುಲ್ ಬಹಾ ಹೈಫಾದಲ್ಲಿ ತೀರಿಕೊಂಡ ಮೇಲೆ. ಅವರ ಉಯಿಲಿನಂತೆ ಮೊಮ್ಮಗ ಶೋಘಿ ಎಫೆಂದಿ 'ರಕ್ಷಕ', ಅಂದರೆ ಧರ್ಮದ ಮುಖ್ಯಸ್ಥರಾದರು. 21 ತುಂಬಿದ ಬಹಾಯಿಗಳು ಒಂಬತ್ತಕ್ಕಿಂತ ಹೆಚ್ಚಿರುವ ಊರಲ್ಲೆಲ್ಲ ಕೂಡಲೇ ಸ್ಥಳೀಯ ಆಧ್ಯಾತ್ಮಿಕ ಸಭೆ (ಊರಿನ ನ್ಯಾಯಮಂದಿರಕ್ಕೆ ಸದ್ಯದ ಹೆಸರು) ಆಗಲಿ ಎಂದು 1923ರ ಮಾರ್ಚ್‌ನಲ್ಲಿ ಬರೆದರು. ಭಾರತ ಮತ್ತು ಬರ್ಮಾಕ್ಕೆ ಸೇರಿ ರಾಷ್ಟ್ರೀಯ ಸಭೆ ಆದದ್ದೂ ಅದೇ ವರ್ಷ.

ಚುನಾವಣೆಯ ಬಗೆ ಮಾತ್ರ ಸೊಗಸಾಗಿದೆ. ರಿಜ್ವಾನ್ ಹಬ್ಬದ ಮೊದಲ ದಿನ, ಏಪ್ರಿಲ್ 21ರ ಹೊತ್ತಿಗೆ, ಎಲ್ಲರೂ ಸೇರಿ ಪ್ರಾರ್ಥಿಸುತ್ತಾರೆ. ಉಮೇದುವಾರರಿಲ್ಲ, ಪ್ರಚಾರವಿಲ್ಲ, ಇವರಿಗೆ ಹಾಕಿ ಅಂತ ಪಕ್ಕದವರ ಕಿವಿಯಲ್ಲಿ ಹೇಳುವಂತೆಯೂ ಇಲ್ಲ. ಚೀಟಿಯಲ್ಲಿ ಸರಿಯಾಗಿ 9 ಹೆಸರು ಬರೆಯಬೇಕು. 8 ಆದರೂ 10 ಆದರೂ ಚೀಟಿ ರದ್ದು. ಅತಿ ಹೆಚ್ಚು ಮತ ಬಿದ್ದ 9 ಜನ ಸಭೆ. ಒಂಬತ್ತನೇ ಜಾಗಕ್ಕೆ ಸಮ ಬಿದ್ದರೆ ಅಷ್ಟು ಜನರ ನಡುವೆ ಮಾತ್ರ ಮತ್ತೆ ಮತ. ಆದರೆ ಅವರಲ್ಲೊಬ್ಬರು ಅಲ್ಪಸಂಖ್ಯಾತರಾಗಿದ್ದರೆ ಮರುಮತ ಬೇಡ, ಜಾಗ ಅವರಿಗೇ: ಇದು 1938ರ ಡಿಸೆಂಬರ್‌ನಲ್ಲಿ ಶೋಘಿ ಎಫೆಂದಿ ಅಮೆರಿಕಕ್ಕೆ ಬರೆದ ಸೂಚನೆ. ಊರಲ್ಲಿ ಇರುವುದೇ 9 ಜನವಾದರೆ ಚೀಟಿಯೂ ಇಲ್ಲ, ಕೂತು ಸಭೆಯಾದೆವು ಎಂದು ಘೋಷಿಸಿದರೆ ಮುಗಿಯಿತು.

ಎಡವಟ್ಟು ಆದದ್ದು ಚೀಟಿಗಿಂತ ಮುಂಚೆ. ಓಟು ಬೇಕೆಂದರೆ ಪಟ್ಟಿ ಬೇಕು, ಪಟ್ಟಿ ಬೇಕೆಂದರೆ ಯಾರು ಬಹಾಯಿ ಎಂದು ಮೊದಲು ಬರೆಯಬೇಕು. ಕನ್ನಡದಲ್ಲಿ ಧರ್ಮಕ್ಕೂ ಓಟಿಗೂ ಒಂದೇ 'ಮತ' ಎನ್ನುತ್ತೇವಲ್ಲ, ಇವರು ಸಿಕ್ಕಿಬಿದ್ದದ್ದು ಆ ಎರಡರ ನಡುವೆಯೇ. ಅಲ್ಲಿಯವರೆಗೆ ಭಾನುವಾರ ಚರ್ಚಿಗೆ ಹೋಗಿ, ಇನ್ನೊಂದು ಸಂಜೆ ಬಹಾಯಿ ಕೂಟಕ್ಕೆ ಬರುತ್ತಿದ್ದವರು ಬೇಕಾದಷ್ಟಿದ್ದರು. ಅವರ ಪಾಲಿಗೆ ಅದು ಚಳವಳಿ, ಈ ಯುಗದ ಚೇತನ. 1925ರ ಅಕ್ಟೋಬರ್ 24ರ ಪತ್ರದಲ್ಲಿ ಶೋಘಿ ಎಫೆಂದಿ ಅರ್ಹತೆಗಳನ್ನು ಹೇಳಿದರು: ಬಹಾವುಲ್ಲಾ ಬರುವರೆಂದು ಮೊದಲೇ ಸಾರಿದ ಬಾಬ್, ಬಹಾವುಲ್ಲಾ, ಅಬ್ದುಲ್ ಬಹಾ ಮೂವರ ಸ್ಥಾನವನ್ನು ಪೂರ್ತಿ ಒಪ್ಪಬೇಕು, ಉಯಿಲನ್ನು ಒಪ್ಪಬೇಕು, ಸಂಸ್ಥೆಯ ಜೊತೆ ನಿಲ್ಲಬೇಕು. ಗೆರೆಯನ್ನು ತೀರ ಬಿಗಿಯಾಗಿ ಎಳೆಯಬೇಡಿ ಎಂದೂ ಸೇರಿಸಿದ್ದರು. 1927ರಲ್ಲಿ ಅಮೆರಿಕದ ರಾಷ್ಟ್ರೀಯ ಸಭೆಯ ನ್ಯಾಸಪತ್ರ (ಟ್ರಸ್ಟ್ ಡೀಡ್), ಬೈಲಾ ಬಂದಾಗ ಗೆರೆ ಕಾನೂನಿನ ಕಾಗದಕ್ಕೆ ಇಳಿಯಿತು. ಆಸ್ತಿ ಹಿಡಿದಿಡಲು ಅದು ಬೇಕೇ ಬೇಕಿತ್ತು ಅನ್ನು.

ಅಮೆರಿಕದ ಬಹಾಯಿ ರೂತ್ ವೈಟ್ ತಿರುಗಿಬಿದ್ದದ್ದು ಆಗ. ಸಂಘಟನೆಯನ್ನು ಬೀಳಿಸಬೇಕೆಂದರೆ ಉಯಿಲನ್ನೇ ಬೀಳಿಸಬೇಕು ಎಂದು ಸರಿಯಾದ ಗಂಟಿಗೇ ಕೈ ಹಾಕಿದರು, ಅದು ನಕಲಿ ಎಂದರು. 1930ರಲ್ಲಿ ಚಾರ್ಲ್ಸ್ ಐನ್ಸ್‌ವರ್ತ್ ಮಿಚೆಲ್ ಎಂಬ ಇಂಗ್ಲಿಷ್ ಕೈಬರಹ ತಜ್ಞರಿಂದ ವರದಿ ತಂದರು, ಅಕ್ಷರ ಹೊಂದುವುದಿಲ್ಲ ಅಂತ. ಆದರೆ ಮಿಚೆಲ್ ನೋಡಿದ್ದು ಫೋಟೋಗಳನ್ನು, ಮೂಲವನ್ನಲ್ಲ. ಹೆಚ್ಚಿನವರು ಆಕೆಯ ಹಿಂದೆ ಹೋಗಲಿಲ್ಲ. ಜರ್ಮನಿಯಲ್ಲಿ ಮಾತ್ರ ಅಲ್ಲಿನ ಪ್ರಮುಖ ಬಹಾಯಿ ವಿಲ್ಹೆಲ್ಮ್ ಹೆರಿಗೆಲ್ ಹೋದರು.

ಅಬ್ದುಲ್ ಬಹಾ ಅವರ ಕಾರ್ಯದರ್ಶಿಯಾಗಿದ್ದ ಅಹ್ಮದ್ ಸೊಹ್ರಾಬ್ ದಾರಿ ಬೇರೆ. 1929ರಲ್ಲಿ ನ್ಯೂಯಾರ್ಕಿನಲ್ಲಿ 'ನ್ಯೂ ಹಿಸ್ಟರಿ ಸೊಸೈಟಿ' ಕಟ್ಟಿ, ಸಭೆಯ ಮೇಲ್ವಿಚಾರಣೆ ಒಲ್ಲೆ ಎಂದರು, ಅವರನ್ನು ಹೊರಹಾಕಿದರು. ಅವರು ಬಹಾಯಿ ಹೆಸರು ಬಳಸುವುದನ್ನು ಬಿಡದಾಗ ರಾಷ್ಟ್ರೀಯ ಸಭೆ ಕೋರ್ಟಿಗೆ ಹೋಯಿತು. ಒಂದು ಧರ್ಮದ ಹೆಸರು ಯಾರೊಬ್ಬರ ಸ್ವತ್ತೂ ಅಲ್ಲ ಎಂದು 1941ರಲ್ಲಿ ನ್ಯೂಯಾರ್ಕ್ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು.

ನೀನು ಕೇಳಿದ ಸಾಲಿನ ವಿಷಯಕ್ಕೆ ಮತ್ತೆ ಬಂದರೆ, ಸಹಿಯಿರುವ ಪಾರಸಿ ಅಥವಾ ಅರಬ್ಬಿ ಮೂಲ ಇಲ್ಲದ ಮಾತನ್ನು ಬಹಾಯಿಗಳು ಪ್ರಮಾಣವೆಂದು ಹಿಡಿಯುವುದಿಲ್ಲ. ಆ ಸಾಲನ್ನು ತೋರಿಸಿದವರನ್ನು ಮೂಲ ಎಲ್ಲಿದೆ ಅಂತ ಕೇಳಿ ನೋಡು. ಸಿಕ್ಕರೆ ನನಗೂ ಕಳಿಸು.

ಇಂತಿ ನಿನ್ನ ಗೆಳೆಯ